ಹೂಲಿ: ಕೋಟೆಯ ಕೆಳಗಿನ ದೊಡ್ಡ ಊರು

ಸವದತ್ತಿಯಿಂದ ಪೂರ್ವಕ್ಕೆ ಸುಮಾರು 9 ಕಿ.ಮೀ. ಹೋದರೆ ಗುಡ್ಡದ ಬುಡಕ್ಕೊರಗಿ ಕೂತ ಹೂಲಿ ಸಿಗುತ್ತದೆ. ಬಂದವರ ಕಣ್ಣು ಮೊದಲು ಗುಡ್ಡದ ಮೇಲಿನ ಹಾಳು ಕೋಟೆಗೇ ಹೋಗುತ್ತದೆ. ಕೋಟೆ ಕಂಡರೆ ಸಾಕು, ಇಲ್ಲಿ ಆಳಿದ ಅರಸ ಯಾರು ಎಂದು ಕೇಳುತ್ತೇವೆ. ಹೂಲಿಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಅದಲ್ಲ. ಈ ಊರಿನ ಹಿರಿಮೆ ಗುಡ್ಡದ ಕೆಳಗಿದೆ.

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಇದನ್ನು ಪೂಲಿ ಎಂದು ಕರೆಯುತ್ತವೆ. ಅದು ಹೆಸರಾಂತ ಅಗ್ರಹಾರ. ಪೂಲಿಯ ‘ಸಾಸಿರ್ವರು’, ಅಂದರೆ ಸಾವಿರ ಮಹಾಜನರು, ಊರಿನ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಹತ್ತಿರದ ಸವದತ್ತಿ, ಆಗಿನ ಸುಗಂಧವರ್ತಿ, ರಟ್ಟ ಅರಸರ ರಾಜಧಾನಿ. ಅಲ್ಲಿ ಅರಮನೆ, ಇಲ್ಲಿ ವಿದ್ವಾಂಸರ ಸಭೆ. ಪೂಲಿಯ ಶಾಸನಗಳನ್ನು ವಿದ್ವಾಂಸ ಎಲ್.ಡಿ. ಬಾರ್ನೆಟ್ ‘ಎಪಿಗ್ರಾಫಿಯಾ ಇಂಡಿಕಾ’ ಶಾಸನ ಸಂಪುಟದಲ್ಲಿ ಪ್ರಕಟಿಸಿದ್ದಾರೆ.

ಪಂಚಲಿಂಗೇಶ್ವರ ಗುಡಿಗೆ ಸಮಯ ಇಟ್ಟುಕೊಂಡೇ ಹೋಗಬೇಕು. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿವೆ, ಐದಕ್ಕೂ ಸೇರಿ ಉದ್ದನೆಯ ಮಂಟಪ. ಕರ್ನಾಟಕದಲ್ಲಿ ಒಂದು, ಎರಡು, ಮೂರು ಗರ್ಭಗುಡಿಗಳ ದೇವಾಲಯಗಳು ಬೇಕಾದಷ್ಟಿವೆ. ಹೀಗೆ ಐದು ಸಾಲಾಗಿ ನಿಂತದ್ದು ಅಪರೂಪ. ಮೂಲದಲ್ಲಿ ಇದು ಜೈನ ಬಸದಿಯಾಗಿತ್ತು ಎನ್ನುತ್ತಾರೆ ತಿಳಿದವರು. ಬಸದಿ ಹೋಗಿ ಶಿವಾಲಯ ಬಂತು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಾರದು. ಕಂಬಗಳ ನಡುವೆ ನಿಂತು, ಎರಡು ನಂಬಿಕೆಗಳು ಒಂದೇ ಸೂರಿನಡಿ ಕಂಡ ಕಾಲವನ್ನು ನಿಧಾನವಾಗಿ ಯೋಚಿಸಬೇಕು.

ಅಲ್ಲಿಂದ ಹೊರಬಿದ್ದರೆ ಒಂದರ ಹಿಂದೊಂದು ಗುಡಿ: ಅಂಧಕೇಶ್ವರ, ಮದನೇಶ್ವರ, ತಾರಕೇಶ್ವರ, ಭವಾನಿಶಂಕರ, ಕಾಶಿ ವಿಶ್ವನಾಥ, ಸೂರ್ಯನಾರಾಯಣ. ಕೆಲವಕ್ಕೆ ಇಂದಿಗೂ ಪೂಜೆ ಉಂಟು. ಎಷ್ಟೋ ಗುಡಿಗಳು ಹಾಳುಬಿದ್ದಿವೆ, ಗೋಡೆಯ ಸಂದಿಯಲ್ಲಿ ಗಿಡಗಳ ಬೇರು ಇಳಿದಿದೆ. ಇವನ್ನು ಬಿಡಿ ಬಿಡಿ ಸ್ಮಾರಕಗಳೆಂದು ಎಣಿಸುತ್ತ ಹೋದರೆ ಹೂಲಿ ಅರ್ಥವಾಗುವುದಿಲ್ಲ. ಗುಡ್ಡ, ಅಗಸ್ತ್ಯತೀರ್ಥದ ನೀರು, ಗುಡಿ, ಓಣಿ ಎಲ್ಲ ಸೇರಿಯೇ ಆ ಊರು. ನೀರು ಇದ್ದಲ್ಲಿ ಜನ ನೆಲೆಸಿದರು, ಜನ ನೆಲೆಸಿದಲ್ಲಿ ಗುಡಿಗಳು ಎದ್ದವು.

ಇನ್ನು ಕೋಟೆ. ಕಲ್ಲುಗುಡ್ಡ ಹತ್ತುವುದೇ ಒಂದು ಕೆಲಸ, ನೀರಿನ ಬಾಟಲಿ ಜೊತೆಗಿರಲಿ. ಈ ಸೀಮೆಯ ಗುಡ್ಡಗಳು ಗಟ್ಟಿ ಬಂಡೆ. ಹಾಗಾಗಿ ಗುಡ್ಡ ಸಿಕ್ಕಲ್ಲೆಲ್ಲ ಕೋಟೆ ಕಟ್ಟಿದರು. ಪರಸಗಡ, ರಾಮದುರ್ಗ, ನರಗುಂದ ಎಲ್ಲ ಒಂದೇ ಸೀಮೆಯವು. ಸವದತ್ತಿ ಊರೊಳಗಿನ ಕೋಟೆ 18ನೇ ಶತಮಾನದಲ್ಲಿ ಸಿರಸಂಗಿ ದೇಸಾಯರು ಕಟ್ಟಿಸಿದ್ದು. ಹೂಲಿಯ ಗೋಡೆಗಳ ಮೇಲೆ ನಿಂತು ಕೆಳಗೆ ನೋಡಿದಾಗ, ಕಾವಲು ಕಾಯಬೇಕಾದ ಸಂಪತ್ತು ಎಲ್ಲಿತ್ತೆಂಬುದು ತಾನಾಗಿ ತಿಳಿಯುತ್ತದೆ.

ಪುರಾತತ್ವ ಇಲಾಖೆ ಪಂಚಲಿಂಗೇಶ್ವರವನ್ನು ಸಂರಕ್ಷಿತ ಸ್ಮಾರಕವೆಂದು ಕಾಪಾಡುತ್ತಿದೆ. ಆ ಕಾಳಜಿ ಉಳಿದ ಗುಡಿಗಳಿಗೂ ಕೋಟೆಗೋಡೆಗೂ ತಲುಪಬೇಕು. ಒಂದು ಗುಡಿಯಿಂದ ಇನ್ನೊಂದಕ್ಕೆ ನಡೆದುಹೋಗುವ ದಾರಿ ಸ್ವಚ್ಛವಾಗಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಾಂತರ ಜನ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಮುಂದಿನ ಸಲ ಬಂದಾಗ ಅರ್ಧ ದಿನ ಉಳಿಸಿಕೊಂಡು ಹೂಲಿಗೂ ಬನ್ನಿ.