ಸಂಬಳವಿಲ್ಲದೆ ಸಂಗಾತಿಯನ್ನು ಅಮೆರಿಕಕ್ಕೆ ಕರೆಸಬಹುದೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಅಲ್ಲಿನ ಪ್ರಜೆ, ಓದಿಗಾಗಿ ಕೆಲಸ ಬಿಟ್ಟಿದ್ದಾಳೆ. ಮೈಸೂರಿನಲ್ಲಿರುವ ಅಳಿಯನಿಗೆ ಗ್ರೀನ್ ಕಾರ್ಡ್ ಕೊಡಿಸಬಲ್ಲಳೇ?

ಉತ್ತರ: ಖಂಡಿತ ಪ್ರಯತ್ನಿಸಬಹುದು. ಸಂಬಳವಿಲ್ಲದಿದ್ದರೂ ಐ-864 ಎಂಬ ಹೊಣೆಪತ್ರಕ್ಕೆ ಅವಳೇ ಸಹಿ ಹಾಕಬೇಕು. ಸಾಮಾನ್ಯವಾಗಿ, ಕುಟುಂಬದ ಗಾತ್ರಕ್ಕೆ ಅಲ್ಲಿನ ಸರ್ಕಾರ ಗೊತ್ತುಮಾಡಿದ ಬಡತನ ಮಿತಿಯ ಶೇ 125ರಷ್ಟು ಆದಾಯ ತೋರಿಸಬೇಕು. ಬಾಡಿಗೆ, ಬಡ್ಡಿಯೂ ಆದಾಯವೇ. ಅದೂ ಸಾಲದಿದ್ದರೆ ಕೊರತೆಯ ಮೂರು ಪಟ್ಟು ಆಸ್ತಿ ಸಾಕು: 20,000 ಡಾಲರ್ ಕೊರತೆಗೆ 60,000. ಅದು ವರ್ಷದೊಳಗೆ ನಗದಾಗುವಂತಿರಬೇಕು. ಅಳಿಯನ ಬ್ಯಾಂಕ್ ಠೇವಣಿಯನ್ನೂ ಸೇರಿಸಬಹುದು.

ಇಲ್ಲವಾದರೆ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಜಂಟಿ ಹೊಣೆ ಹೊರಬಹುದು. ಸಹಿಗೆ ಮುಂಚೆ ಅವರಿಗೆ ದಯವಿಟ್ಟು ಬಿಡಿಸಿ ಹೇಳಿ: ದಂಪತಿ ಬೇರೆಯಾದರೂ ಈ ಹೊಣೆ ತಪ್ಪುವುದಿಲ್ಲ. ಅಳಿಯ ಪೌರತ್ವ ಪಡೆಯುವವರೆಗೆ, ಇಲ್ಲವೇ ಸುಮಾರು 10 ವರ್ಷ ದುಡಿಯುವವರೆಗೆ ಅದು ಸಾಮಾನ್ಯವಾಗಿ ಮುಂದುವರಿಯುತ್ತದೆ.