ಚಿಟ್ಟೆಯ ಫೋಟೊ ಸಾಕು, ಜೀವ ಬೇಡ

ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಝಿಯಾರತ್ ಹೋಗಿ ಬಂದ ಹುಡುಗನೊಬ್ಬ ನೋಟ್‌ಬುಕ್ಕಿನ ಹಾಳೆಗಳ ನಡುವೆ ಒತ್ತಿಟ್ಟ ಚಿಟ್ಟೆಯನ್ನು ಮದ್ರಸಕ್ಕೆ ತಂದ. “ಉಸ್ತಾದ್, ಇದರ ಹೆಸರೇನು?” ರೆಕ್ಕೆಯ ಪುಡಿಯೆಲ್ಲ ಹಾಳೆಗೆ ಅಂಟಿತ್ತು. ಜೀವವೂ ಹೋಯ್ತು, ಗುರುತೂ ಸಿಗಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತೊಗರಿಯ ಸೀಮೆ. ತೊಗರಿ ಹೂ, ಕಾಯಿ ತಿಂದು ಬೆಳೆಯುವ ಪುಟ್ಟ ನೀಲಿ ಚಿಟ್ಟೆ ಪೀ ಬ್ಲೂ. ದಾರಿ ಬದಿಯ ಎಕ್ಕದ ಗಿಡದಲ್ಲಿ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಬೆಳೆಯುತ್ತದೆ. ಎಕ್ಕದ ವಿಷ ಅದರ ಮೈಯಲ್ಲಿರುವುದರಿಂದ ಒಮ್ಮೆ ತಿಂದ ಹಕ್ಕಿ ಮತ್ತೆ ಮುಟ್ಟುವುದಿಲ್ಲ. ವಿಷವಿಲ್ಲದ ಡನಾಯ್ಡ್ ಎಗ್‌ಫ್ಲೈ ಹೆಣ್ಣು ಅದೇ ವೇಷ ಹಾಕಿ ಪಾರಾಗುತ್ತದೆ! ಹಿಂದಿನ ರೆಕ್ಕೆಯ ನಡುವೆ ಮೂರು–ನಾಲ್ಕು ಕಪ್ಪು ಚುಕ್ಕೆಯಿದ್ದರೆ ಪ್ಲೇನ್ ಟೈಗರ್; ಮೇಲಂಚಿನಲ್ಲಿ ಒಂದೇ ಇದ್ದರೆ ಎಗ್‌ಫ್ಲೈ.

ಇದನ್ನು ತಿಳಿಯಲು ಕೊಲ್ಲಬೇಕಿಲ್ಲ. ಬೆಳಗಿನ ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತಾಗ, ನೆರಳು ಬೀಳದಂತೆ ಹತ್ತಿರ ಹೋಗಿ ಮೊಬೈಲಿನಲ್ಲಿ ತೆಗೆಯಿರಿ. ರೆಕ್ಕೆ ಮಡಚಿದಾಗ ಇನ್ನೊಂದು. ಗಿಡ, ಊರು, ತಾರೀಕು ಬರೆದಿಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಲವು ಚಿಟ್ಟೆಗಳನ್ನು ಹಿಡಿಯುವುದೇ ಅಪರಾಧ.

ಇರುವೆಯನ್ನೂ ಕೊಲ್ಲದಂತೆ ಪ್ರವಾದಿ(ಸ)ಯವರು ತಡೆದಿದ್ದಾರೆ. ಆಟಕ್ಕೆಂದು ಚಿಟ್ಟೆ ಕೊಂದರೆ ಹೇಗೆ? ಆ ಹುಡುಗ ಈಗ ಫೋಟೊ ತರುತ್ತಾನೆ. ಹೆಸರು ಇಬ್ಬರೂ ಕೂತು ಹುಡುಕುತ್ತೇವೆ.