ಕ್ಷಣೋಕ್ತಿಯ ಧ್ವನಿಮುದ್ರಣವೂ ಪಾಠನಿರ್ಣಯವೂ

ಓಲೆಗರಿಯ ಗ್ರಂಥಗಳ ಪಾಠಪರಿಷ್ಕರಣಕ್ಕೆ ನಮ್ಮಲ್ಲಿ ನಿಯಮಗಳುಂಟು. ಬಾಯಿಂದ ಹೊರಟು ಕ್ಷಣಮಾತ್ರದಲ್ಲಿ ಮುಗಿದುಹೋಗುವ ಉಕ್ತಿಗೆ ಪ್ರಮಾಣಪಾಠವಾವುದೆಂಬುದು ವಿಚಾರಾರ್ಹವಾದ ವಿಷಯ. ಪರಸ್ಪರ ಅತಿದೂರವಾದ ಎರಡು ನಿದರ್ಶನಗಳಿಂದ ಇದನ್ನು ಪರಿಶೀಲಿಸಬಹುದು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಡೆಂಕಣಮರಡಿಯಲ್ಲಿ ಕಾರಣಿಕವಾಗುವುದು ಪ್ರಸಿದ್ಧವೇ. ಉಪವಾಸವ್ರತಸ್ಥನಾದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಲೇ ಜನಸಮುದ್ರವು ನಿಶ್ಶಬ್ದವಾಗುತ್ತದೆ. ಆತನು ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ; ಕೆಳಗಿರುವ ಗೊರವರು ಹಿಡಿದುಕೊಳ್ಳುತ್ತಾರೆ.

ಎರಡನೆಯದು ಇಂಗ್ಲೆಂಡಿನದು. ಗ್ರಾಮಫೋನ್ ತಟ್ಟೆಗಳನ್ನು ಪ್ರಸಾರಮಾಡುವ ಕಾಲವು ಹಿಂದೆ ಕರಾರಿನಿಂದ ಮಿತವಾಗಿದ್ದುದರಿಂದ, ಬಿ.ಬಿ.ಸಿ. ಬಾನುಲಿಯವರು ಮೇಳಗಳನ್ನೇ ಕರೆಯಿಸಿ ಹಾಡಿಸುತ್ತಿದ್ದರು. 1967ರಿಂದ 2004ರವರೆಗೆ ಜಾನ್ ಪೀಲರು ನಡೆಯಿಸಿದ ಕಾರ್ಯಕ್ರಮಕ್ಕಾಗಿ ಸಾಮಾನ್ಯವಾಗಿ ಒಂದೇ ದಿನದಲ್ಲಿ ಇಂತಹ ಮುದ್ರಣ ಮುಗಿಯುತ್ತಿತ್ತು. ದೊಡ್ಡ ಕಂಪೆನಿಗಳ ಆಶ್ರಯವಿಲ್ಲದ, ಅತ್ಯುಗ್ರವೂ ಅತಿದ್ರುತವೂ ಆದ ಮೆಟಲ್ ಸಂಗೀತದ ಮೇಳಗಳಿಗೂ ಅಲ್ಲಿ ಪ್ರವೇಶ ದೊರೆಯಿತು. 1987ರ ಸೆಪ್ಟೆಂಬರಿನಲ್ಲಿ ನೇಪಾಮ್ ಡೆತ್ ಎಂಬ ಮೇಳವು 12 ಹಾಡುಗಳನ್ನು ಆರು ನಿಮಿಷದೊಳಗೆ ಮುಗಿಸಿತು. ಅದೇ ವರ್ಷದ ಅದರ ತಟ್ಟೆಯಲ್ಲಿರುವ ‘ಯೂ ಸಫರ್’ ಎಂಬ ಹಾಡಿನ ಪ್ರಮಾಣ 1.316 ಸೆಕೆಂಡು, ಅದು ಅತಿಹ್ರಸ್ವವಾದ ಹಾಡೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ.

ಅಲ್ಪಕಾಲದ ಉಗ್ರೋಚ್ಚಾರಣೆಯೇ ಇವೆರಡರ ಸಾಧರ್ಮ್ಯ. ವೈಧರ್ಮ್ಯವೇನೆಂದರೆ, ಗರ್ಜನೆಯೇ ಗಾನವಾದ ಆ ಹಾಡಿನಲ್ಲಿ ಕಿವಿಗೆ ಪದವೇ ತಿಳಿಯದು. ಅಚ್ಚಾದ ಸಾಹಿತ್ಯವನ್ನು ನೋಡಿಯೇ ತಿಳಿಯಬೇಕು. ಕಾರಣಿಕದಲ್ಲಿ ಪದವು ತಿಳಿದರೂ ಅರ್ಥವು ಸಂದಿಗ್ಧ. ಮೀಮಾಂಸಕರು ಹೇಳುವ ಉಪಕ್ರಮೋಪಸಂಹಾರ, ಅಭ್ಯಾಸ ಮುಂತಾದ ತಾತ್ಪರ್ಯಲಿಂಗಗಳು ದೀರ್ಘಪ್ರಬಂಧಕ್ಕೆ ಸಲ್ಲುವುವು. ಪ್ರಕರಣವಿಲ್ಲದ ಒಂಟಿವಾಕ್ಯಕ್ಕೆ ಅಧ್ಯಾಹಾರವೇ ಗತಿ. ಅದನ್ನು ರೈತನು ಮಳೆಬೆಳೆಗೆ ಹೊಂದಿಸುವನು, ರಾಜಕಾರಣಿಯು ರಾಜ್ಯಭಾರಕ್ಕೆ ಹೊಂದಿಸುವನು. ಅಧ್ಯಾಹಾರಕ್ಕೆ ಮುನ್ನ ಶಬ್ದವು ಸ್ಥಿರವಾಗಿರಬೇಕಷ್ಟೆ. ಕೇಳಿದವರ ಬಾಯಿಂದ ಬಾಯಿಗೆ ಸಾಗಿ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳನ್ನು ಮುಟ್ಟುವಷ್ಟರಲ್ಲಿ ಒಂದಕ್ಷರವು ವ್ಯತ್ಯಸ್ತವಾದರೂ ಫಲವೇ ಬೇರೆಯಾಗುವುದು.

ಈಗ ಅನೇಕರ ಕೈಯ ಮೊಬೈಲುಗಳಲ್ಲಿ ಕಾರಣಿಕವು ಮುದ್ರಿತವಾಗುತ್ತದೆ. ಅಷ್ಟರಿಂದಲೇ ಪಾಠವು ಸಿದ್ಧವಾಯಿತೆನ್ನಲಾಗದು. ಬಾನುಲಿಯ ಆ ಮುದ್ರಣಗಳಿಗೆ ಬೆಲೆ ಬಂದಿರುವುದು ದಿನ, ಹಾಡುಗಳ ಕ್ರಮ, ಹಾಡಿದವರ ವಿವರ ಇವುಗಳು ದಾಖಲಾಗಿರುವುದರಿಂದ. ನಮ್ಮಲ್ಲಿಯೂ ನಾಲ್ಕು ನಿಯಮಗಳು ಅವಶ್ಯಕ: ವರ್ಷವನ್ನೂ ಮುದ್ರಿಸಿದ ಸ್ಥಾನವನ್ನೂ ಬರೆದಿಡಬೇಕು; ‘ಸದ್ದಲೇ’ ಎಂಬ ಕೂಗನ್ನೂ ಅನಂತರದ ಮೌನವನ್ನೂ ಕತ್ತರಿಸಬಾರದು; ಮುದ್ರಣಗಳು ಭಿನ್ನವಾಗಿ ಕೇಳಿಬಂದರೆ ಪಾಠಾಂತರಗಳನ್ನು ತೋರಿಸಬೇಕು; ಅರ್ಥವಿವರಣೆಯನ್ನು ಮೂಲದೊಡನೆ ಬೆರೆಸದೆ ಪ್ರತ್ಯೇಕವಾಗಿಡಬೇಕು. ಮೌನವನ್ನು ಕತ್ತರಿಸಿದ ಮುದ್ರಣವು ಆದಿಯ ಗರಿ ಕಳೆದುಹೋದ ಓಲೆಕಟ್ಟಿಗೆ ಸಮಾನವಾದುದು.

ಈ ಪ್ರಾಂತದ ಅಧ್ಯಾಪಕರು ವರ್ಷವರ್ಷದ ಕಾರಣಿಕಗಳನ್ನು ಹೀಗೆ ಸಂಗ್ರಹಿಸಿದಲ್ಲಿ, ವ್ಯಾಖ್ಯಾನವು ಮೂಲವನ್ನು ನುಂಗದಂತೆ ಕಾಪಾಡಿದಂತಾಗುವುದು.